1943ರ ನಗಾಂಟ್‌ಗೆ ಪಾಲಿಶ್ ಹಾಕಿಸ್ಬೇಡಿ

ಡಲ್ಲಾಸ್‌ನಿಂದ ಪತ್ರ ಬರೆದ ಓದುಗ ಮಿತ್ರರಿಗೆ ನಮಸ್ಕಾರ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪತ್ರದಲ್ಲಿ ಏನಿತ್ತು ಅಂತ ಮೊದ್ಲು ಹೇಳ್ಬಿಡ್ತೀನಿ. ನೀವು ರಷ್ಯಾ ಸೈನ್ಯದ ಹಳೇ ನಗಾಂಟ್ ರಿವಾಲ್ವರ್‌ಗಳನ್ನ ಇಸವಿ ಪ್ರಕಾರ ಕೂಡಿಸ್ತಾ ಇದೀರ, ಈಗ ಆರು ಸಿಕ್ಕಿವೆ, 1943ರದ್ದು ನೋಡೋಕೆ ತುಂಬಾ ಒರಟಾಗಿದೆ ಪಾಲಿಶ್ ಹಾಕಿಸ್ಲಾ ಅಂತ ಕೇಳಿದೀರ, ಭಾಗಗಳ ಮೇಲಿರೋ ನಂಬರ್‌ಗಳು ಒರಿಜಿನಲ್ಲಾ ಅಂತ ಇನ್ನೊಂದು ಅನುಮಾನ, ಕೊನೇಲಿ ಇವನ್ನ ಧಾರವಾಡದ ಮನೆಗೆ ತರಬಹುದಾ ಅಂತ.

ಪಾಲಿಶ್ ಮಾತ್ರ ದಯವಿಟ್ಟು ಬೇಡ. ಯಾಕೆ ಅಂತ ಹೇಳ್ತೀನಿ. ಒಹಾಯೋದಲ್ಲಿರೋ ನಮ್ಮ ಭಾವನ ಮನೇಲಿ ಒಂದ್ಸಲ ಊಟದ ಟೇಬಲ್ ಮೇಲೆ ಟವೆಲ್ ಹಾಸಿ 1938ರದ್ದನ್ನೂ 1943ರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೆ. 1938ರದ್ದರ ಮೇಲೆ ಬೆರಳಾಡಿಸಿದ್ರೆ ನುಣ್ಣಗೆ ಜಾರುತ್ತೆ, 1943ರದ್ದರ ಮೇಲೆ ಉಗುರು ಎಳೆದ್ರೆ ಗರಗರ ಅನ್ನುತ್ತೆ, ಮಷೀನ್ ಕೊರೆದ ಗೆರೆಗಳು ಹಾಗೇ ಉಳ್ಕೊಂಡಿವೆ, ಉಜ್ಜಿ ನುಣುಪು ಮಾಡೋಕೆ ಅವತ್ತು ಯಾರಿಗೂ ಟೈಮ್ ಇರ್ಲಿಲ್ಲ. 1941ರ ಕೊನೇಲಿ ಜರ್ಮನ್ ಸೈನ್ಯ ಈ ರಿವಾಲ್ವರ್ ಮಾಡ್ತಿದ್ದ ರಷ್ಯಾದ ತುಲಾ ಊರಿನ ಬಾಗಿಲಿಗೇ ಬಂದಿತ್ತು, ಕಾರ್ಖಾನೆಯ ಮಷೀನ್‌ಗಳನ್ನ ಬಿಚ್ಚಿ ರೈಲಲ್ಲಿ ಪೂರ್ವಕ್ಕೆ ಸಾಗಿಸಿದ್ರು, ಯುದ್ಧದ ಮಧ್ಯೆ ಪೂರ್ವದ ಇಝೆವ್ಸ್ಕ್ ಊರಲ್ಲೂ ಇದೇ ರಿವಾಲ್ವರ್ ಮಾಡಿದ್ರು. ನಿಮ್ಮ ಕೈಲಿರೋ ಒರಟುತನ ಅಲ್ಲಿಂದ ಬಂದಿದ್ದು. ಅದನ್ನ ಉಜ್ಜಿ ತೆಗೆದ್ರೆ ಉಳಿಯೋದು 1943 ಅಂತ ಬರೆದಿರೋ ಒಂದು ಕಬ್ಬಿಣದ ತುಂಡು ಅಷ್ಟೇ, ಇಸವಿ ಪ್ರಕಾರ ಕೂಡಿಸೋದ್ರಲ್ಲಿ ಅರ್ಥ ಏನು ಉಳೀತು ಹೇಳಿ?

ಇಸವಿ ಹಿಡಿದು ಕೂಡಿಸೋರಿಗೆ ನಗಾಂಟ್‌ನಷ್ಟು ಒಳ್ಳೇದು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. 1895ರಲ್ಲಿ ರಷ್ಯಾ ಒಪ್ಕೊಂಡ ವಿನ್ಯಾಸ, ಮೊದಲ ಕಂತು ಬೆಲ್ಜಿಯಂನ ಲಿಯೇಜ್‌ನಲ್ಲಿ ಆಯ್ತು, ಆಮೇಲೆ ತುಲಾದಲ್ಲಿ, ಎರಡನೇ ಮಹಾಯುದ್ಧ ಮುಗಿಯೋವರೆಗೂ ಮಾಡ್ತಾನೇ ಇದ್ರು. ಚಕ್ರವರ್ತಿ ಕಾಲದಲ್ಲಿ ಸಿಪಾಯಿಗಳಿಗೆ ಕೊಡ್ತಿದ್ದಿದ್ರಲ್ಲಿ ಪ್ರತಿ ಸಲ ಹ್ಯಾಮರ್‌ನ, ಅಂದ್ರೆ ಗುಂಡಿಗೆ ಬಡಿಯೋ ಸುತ್ತಿಗೇನ, ಹೆಬ್ಬೆರಳಿಂದ ಎಳೀಬೇಕಿತ್ತು, ಆಫೀಸರ್‌ಗಳದ್ದು ಟ್ರಿಗರ್ ಒತ್ತಿದ್ರೇ ಸಾಕು, ಕ್ರಾಂತಿ ಆದ್ಮೇಲೆ ಆಫೀಸರ್ ಮಾದರೀನೇ ಎಲ್ರಿಗೂ. ಚಕ್ರವರ್ತಿಯ ಹದ್ದಿನ ರಾಜ್ಯ ಹೋಗಿ ಸೋವಿಯತ್ ನಕ್ಷತ್ರದ ರಾಜ್ಯ ಬಂದಿದ್ದು ಆ ಉಕ್ಕಿನ ಮೇಲೇ ಕಾಣುತ್ತೆ. ಏಳು ಗುಂಡು ಹಿಡಿಯುತ್ತೆ, ಹ್ಯಾಮರ್ ಎಳೆದಾಗ ಗುಂಡು ತುಂಬೋ ಸಿಲಿಂಡರ್ ಪೂರ್ತಿ ಮುಂದಕ್ಕೆ ಸರಿದು ಬ್ಯಾರಲ್‌ಗೆ ಕಚ್ಕೊಳ್ಳುತ್ತೆ, ಗ್ಯಾಸ್ ಹೊರಗೆ ಹೋಗಬಾರದು ಅಂತ. ಖಾಲಿ ಇದೆ ಅಂತ ಎರಡೆರಡು ಸಲ ನೋಡಿ ಆಮೇಲೆ ನಿಧಾನಕ್ಕೆ ಎಳೆದು ಆ ಸರಿಯೋದನ್ನ ನೋಡಿ, ನನಗಂತೂ ಎಷ್ಟು ನೋಡಿದ್ರೂ ಸಾಲಲ್ಲ.

ನಂಬರ್ ವಿಷಯ. ಎಡಗಡೆ ಚೌಕಟ್ಟಿನ ಮೇಲೆ ಓರೆಯಾಗಿ ಗೆರೆ ಎಳೆದ ಆಯತದ ಮುದ್ರೆ ಇದ್ರೆ ಅದು ಸೋವಿಯತ್ ಡಿಪೋದಲ್ಲಿ ರಿಪೇರಿಯಾಗಿ ಬಂದಿದ್ದು ಅಂತ. ಅಲ್ಲಿ ರಾಶಿಗಟ್ಟಲೆ ಬಿಚ್ಚಿ, ಹೊಸದಾಗಿ ಕಪ್ಪು ಹಚ್ಚಿ, ಸಿಕ್ಕ ಭಾಗ ಜೋಡಿಸಿ, ನಂಬರ್ ಹೊಂದೋ ಹಾಗೆ ಮತ್ತೆ ಕುಟ್ಟಿದಾರೆ. ಅಮೆರಿಕಕ್ಕೆ ಸರ್‌ಪ್ಲಸ್ ಆಗಿ ಬಂದಿರೋ ಬಹುಪಾಲು ಹೀಗೇ ಇರೋದು, ಅದರಿಂದ ಬೇಜಾರ್ ಮಾಡ್ಕೋಬೇಡಿ, ಆದ್ರೆ ಮಾರೋನು ಇದನ್ನ ಮುಚ್ಚಿಟ್ಟು "ಎಲ್ಲಾ ಒರಿಜಿನಲ್" ಅಂತ ಜಾಸ್ತಿ ದುಡ್ಡು ಕೇಳಿದ್ರೆ ವಾಪಸ್ ಬನ್ನಿ. ಒಂದು ಕಾಲದಲ್ಲಿ ನೂರು ಡಾಲರ್ ಒಳಗೇ ಸಿಗ್ತಿತ್ತು, ಈಗ ನೂರಾರು ಡಾಲರ್ ಆಗಿದೆ, ಹಾಗಾಗಿ ಇಸವಿ ತುಂಬಿಸೋ ಆತುರದಲ್ಲಿ ತಗೋಬೇಡಿ. ಹಳೇ ಸೋವಿಯತ್ ಗುಂಡು ಹಾರಿಸಿದ್ರೆ ಅವತ್ತೇ ಬಿಸಿನೀರಲ್ಲಿ ಬ್ಯಾರಲ್ ತೊಳೆದು ಒರೆಸಿ ಎಣ್ಣೆ ಹಚ್ಚಿ, ಅದರಲ್ಲಿ ಕಿಡಿ ಹಚ್ಚೋ ಪ್ರೈಮರ್ ಉಪ್ಪು ಬಿಡುತ್ತೆ, ಬೆಳಗ್ಗೆ ನೋಡೋಷ್ಟರಲ್ಲಿ ತುಕ್ಕು.

ಇನ್ನು ಧಾರವಾಡ. ಅಮೆರಿಕದಲ್ಲಿ ನೀವು 50 ವರ್ಷ ದಾಟಿದ ಆಯುಧ ಕೂಡಿಸೋಕೆ 3 ವರ್ಷಕ್ಕೆ 30 ಡಾಲರ್ ಕಟ್ಟಿ ಫೆಡರಲ್ ಲೈಸೆನ್ಸ್ ತಗೊಂಡಿದೀರ, ಸರಿ, ಆದ್ರೆ ಅದು ಇಲ್ಲಿ ನಡಿಯಲ್ಲ. ಭಾರತದಲ್ಲಿ 1959ರ ಆಯುಧ ಕಾಯ್ದೆ, 2019ರ ತಿದ್ದುಪಡಿ ಆದ್ಮೇಲೆ ಸಾಮಾನ್ಯವಾಗಿ ಒಬ್ರಿಗೆ ಲೈಸೆನ್ಸ್ ಮೇಲೆ ಎರಡೇ, ಮೊದ್ಲು ಮೂರಿತ್ತು. ಇಸವಿ ಸಾಲು ಇಲ್ಲಿ ಕಟ್ಟೋಕೇ ಆಗಲ್ಲ, ಒಂದನ್ನಾದ್ರೂ ಲಗೇಜಲ್ಲಿ ಹಾಕ್ಕೊಂಡು ಬರೋಣ ಅನ್ನೋ ಯೋಚನೇನ ಇವತ್ತೇ ಬಿಟ್ಬಿಡಿ, ಜೈಲಿನ ಮಾತು ಅದು. ಅಪ್ಪಾಜಿಗೆ ತೋರಿಸ್ಬೇಕು ಅಂತ ಬರೆದಿದೀರಲ್ಲ, ದೊಡ್ಡ ಪ್ರಿಂಟ್ ಹಾಕಿಸ್ಕೊಂಡು ಬನ್ನಿ, ಆರು ಇಸವಿಗೆ ಆರು ಫೋಟೋ, ಯಾವ ಗೆರೆ ಯಾವ ವರ್ಷದ್ದು ಅಂತ ಪಕ್ಕದಲ್ಲಿ ಕೂತು ಹೇಳಿ.

ಆ 1943ರದ್ದನ್ನ ಕಿಟಕಿ ಹತ್ರ ಇಟ್ಟು, ಬೆಳಕು ಓರೆಯಾಗಿ ಬೀಳೋ ಹಾಗೆ ಎಡಗಡೆ ಫೋಟೋ ತೆಗೆದು ನನಗೂ ಕಳಿಸಿ. ಇಸವಿ ಹತ್ರ ನಕ್ಷತ್ರ ಇದ್ರೆ ತುಲಾ, ತ್ರಿಕೋನದೊಳಗೆ ಬಾಣ ಇದ್ರೆ ಇಝೆವ್ಸ್ಕ್. ಪತ್ರದಲ್ಲಿ ನೀವು ಅದನ್ನ ಬರೆದೇ ಇಲ್ಲ.

— ಸಂಪಾದಕ