ಆ ಫಾರಂಗೆ ಇವತ್ತೇ ಸಹಿ ಹಾಕು

ತಂಗೀ,

ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನೀನು ಅಂತಲೇ ಮಾತಾಡಿಸುತ್ತೇನೆ. ಕೌನ್ಸಿಲ್ ಟ್ಯಾಕ್ಸ್, ಬಾಯ್ಲರ್ ರಿಪೇರಿ, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರ್, ಇವನ್ನೆಲ್ಲ ಭಾನುವಾರ ಫೋನಿನಲ್ಲಿ ಮಾತಾಡೋಣ. ಪತ್ರದ ಕೊನೆಗೆ ಎರಡೇ ಸಾಲಿನಲ್ಲಿ ಬರೆದ ವಿಷಯ ಮಾತ್ರ ನನ್ನನ್ನು ನಿನ್ನೆಯಿಂದ ಬಿಟ್ಟಿಲ್ಲ. ಮಗಳ ಸ್ಕೂಲಿನವರು ಇಯರ್ ನೈನ್ ಮಕ್ಕಳನ್ನು ಒಂದು ದಿನ ಕೇಂಬ್ರಿಡ್ಜ್ ತೋರಿಸಲು ಕರೆದುಕೊಂಡು ಹೋಗ್ತಾರೆ, ಕನ್ಸೆಂಟ್ ಫಾರಂ ಬಂದಿದೆ. ನಿಮ್ಮ ಯಜಮಾನರು, "ಅದೆಲ್ಲ ಲಾರ್ಡುಗಳ ಮಕ್ಕಳಿಗೆ, ಸುಮ್ಮನೆ ಹುಡುಗಿಗೆ ಆಸೆ ಹುಟ್ಟಿಸಬೇಡ" ಅಂದರು. ಕಳಿಸಲೋ ಬೇಡವೋ ಅಂತ ಕೇಳಿದ್ದೀಯ.

ಕಳಿಸು. ಯಾಕೆ ಅಂತ ಹೇಳ್ತೀನಿ.

ಹದಿನಾಲ್ಕು ವರ್ಷದ ಮಕ್ಕಳನ್ನು ಯೂನಿವರ್ಸಿಟಿಯವರು ಕರೆಯುವುದಕ್ಕೆ ಕಾರಣ ಇದೆ. ಈ ದೇಶದಲ್ಲಿ ಫೀಸು ಕಟ್ಟಿ ಖಾಸಗಿ ಶಾಲೆಯಲ್ಲಿ ಓದುವವರು ನೂರಕ್ಕೆ ಏಳು ಮಂದಿ ಅಷ್ಟೇ. ಆದರೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಇಲ್ಲಿನ ಮಕ್ಕಳಿಗೆ ಸಿಗುವ ಸೀಟುಗಳಲ್ಲಿ ಹತ್ತಕ್ಕೆ ಸುಮಾರು ಮೂರು ಅವರಿಗೇ ಹೋಗುತ್ತವೆ. ಸರ್ಕಾರಿ ಶಾಲೆಗಳಲ್ಲಿ ಬುದ್ಧಿವಂತರಿಲ್ಲ ಅಂತಲ್ಲ, ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಅದಕ್ಕೇ ಕೇಂಬ್ರಿಡ್ಜಿನ ಕಾಲೇಜುಗಳು ದೇಶದ ಒಂದೊಂದು ಪ್ರದೇಶವನ್ನು ಹಂಚಿಕೊಂಡು, ಅಲ್ಲಿಯ ಶಾಲೆಗಳ ಜೊತೆ ಕೆಲಸ ಮಾಡಲು ಜನರನ್ನು ಇಟ್ಟಿವೆ. ನಿನ್ನ ಮಗಳಿಗೆ ಬಂದ ಕರೆ ಅಂಥದ್ದು.

ನಿಮ್ಮ ಯಜಮಾನರ ಮಾತು ಕೇಳಿ ನನಗೆ ಕೋಪ ಬರಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ಅದೇ ಮಾತನ್ನು ನಾನೂ ಆಡಿದ್ದೆ. ದೊಡ್ಡ ಮಗ ಇಯರ್ ಟ್ವೆಲ್ವ್‌ನಲ್ಲಿದ್ದಾಗ ಅವನ ಕೆಮಿಸ್ಟ್ರಿ ಮೇಡಂ ಪೇರೆಂಟ್ಸ್ ಈವ್ನಿಂಗಿನಲ್ಲಿ, "ಇವನು ಆಕ್ಸ್‌ಫರ್ಡಿಗೆ ಅರ್ಜಿ ಹಾಕಲಿ" ಅಂದರು. ನಾನು ನಕ್ಕು, "ಬೇಡ ಮೇಡಂ, ಮನೆ ಹತ್ತಿರ ಎಲ್ಲಾದರೂ ಸಾಕು" ಅಂದುಬಿಟ್ಟೆ. ಅವನು ಪಕ್ಕದಲ್ಲೇ ಕೂತಿದ್ದ. ಮುಖ ನೋಡಲಿಲ್ಲ ನಾನು. ಇವತ್ತು ಒಳ್ಳೆಯ ಕೆಲಸದಲ್ಲಿದ್ದಾನೆ, ನನ್ನನ್ನು ಒಂದು ದಿನವೂ ಅಂದಿಲ್ಲ. ಆದರೆ ಸೀಟು ಇಲ್ಲ ಅಂತ ಹೇಳಬೇಕಾದವರು ಹೇಳುವ ಮೊದಲೇ, ತಾಯಿಯಾದ ನಾನು ಹೇಳಿದೆ. ಅದು ನನ್ನಿಂದ ಮರೆಯಲಾಗುತ್ತಿಲ್ಲ.

ಅವರಿಗೆ ಇನ್ನೊಂದು ಮಾತು ಹೇಳು. ಧಾರವಾಡದವರಲ್ಲವೇ ಅವರು? ಅಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಬಂದು, ಅಲ್ಲಿಯ ಹೆಸರಾಂತ ಚರ್ಚಾಕೂಟ ಆಕ್ಸ್‌ಫರ್ಡ್ ಯೂನಿಯನ್ನಿಗೆ ಅಧ್ಯಕ್ಷರೂ ಆದರು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ಸವಣೂರಿನ ಗೋಕಾಕರು ಅಲ್ಲಿ ಓದಿ ಹೋಗಿದ್ದರು. ಅವರಿಬ್ಬರೂ ಲಾರ್ಡುಗಳ ಮಕ್ಕಳಲ್ಲ.

ಈಗ ಇಲ್ಲಿಯ ಪದ್ಧತಿ. ಸಿಇಟಿ, ರ‍್ಯಾಂಕು, ಕೌನ್ಸೆಲಿಂಗು, ಇದನ್ನೆಲ್ಲ ಮರೆತುಬಿಡು. ಯುಕಾಸ್ ಎಂಬ ಒಂದೇ ಅರ್ಜಿಯಲ್ಲಿ ಐದು ಆಯ್ಕೆ ಹಾಕಬಹುದು. ಅದರಲ್ಲಿ ಒಂದು ಮಾತ್ರ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್. ಒಂದೇ ವರ್ಷ ಎರಡಕ್ಕೂ ಹಾಕುವಂತಿಲ್ಲ. ಆ ಒಂದು ಸಿಗದಿದ್ದರೆ ಉಳಿದ ನಾಲ್ಕಕ್ಕೆ ಏನೂ ತೊಂದರೆಯಿಲ್ಲ. ಈ ಎರಡಕ್ಕೆ ಕೊನೆಯ ದಿನ ಅಕ್ಟೋಬರ್ 15, ಮಿಕ್ಕ ಬಹುಪಾಲು ಕೋರ್ಸುಗಳಿಗೆ ಜನವರಿ. ಹಲವು ಕೋರ್ಸುಗಳಿಗೆ ಪ್ರವೇಶ ಪರೀಕ್ಷೆಯೂ ಇದೆ, ಅದಕ್ಕೆ ಬೇರೆಯಾಗಿ ಹೆಸರು ಕೊಡಬೇಕು.

ನಿನಗೆ ಅದಕ್ಕಿಂತ ಮೊದಲು ಬರುವ ತಿರುವು ಇನ್ನೊಂದು. ನಮ್ಮ ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡರೆ ನಾಲ್ಕೂ ದಾರಿ ತೆರೆದಿರುತ್ತದೆ. ಇಲ್ಲಿ ಎ-ಲೆವೆಲ್ ಎಂದರೆ ಸಾಮಾನ್ಯವಾಗಿ ಮೂರೇ ವಿಷಯ, ಹದಿನಾರಕ್ಕೇ ಆರಿಸಿಕೊಳ್ಳಬೇಕು. ಕೇಂಬ್ರಿಡ್ಜಿನಲ್ಲಿ ಎಂಜಿನಿಯರಿಂಗಿಗೆ ಮ್ಯಾಥ್ಸ್, ಫಿಸಿಕ್ಸ್ ಎರಡೂ ಇರಲೇಬೇಕು. ಮೆಡಿಸಿನ್‌ಗೆ ಕೆಮಿಸ್ಟ್ರಿ ಬೇಕು. ತಪ್ಪು ಮೂರು ಆರಿಸಿದರೆ ಎಷ್ಟೇ ಅಂಕ ಬಂದರೂ ಬಾಗಿಲು ತೆರೆಯುವುದಿಲ್ಲ. ಇದನ್ನು ನಿನಗೆ ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಇಯರ್ ನೈನ್‌ನಲ್ಲೇ ಜಿಸಿಎಸ್ಇ ಆಪ್ಷನ್ಸ್, ಅಂದರೆ ಹದಿನಾರಕ್ಕೆ ಬರೆಯುವ ಪರೀಕ್ಷೆಗೆ ವಿಷಯ ಆರಿಸುವ ಹೊತ್ತು, ಬರುತ್ತದೆ, ಟೀಚರನ್ನು ಕೇಳು. ಇಲ್ಲಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇಂಟರ್ವ್ಯೂ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನಮ್ಮ ಮಕ್ಕಳಿಗೆ ಕಷ್ಟವಾಗುವುದು ಅಲ್ಲೇ. ನನ್ನ ಚಿಕ್ಕ ಮಗಳು ಆ ಎರಡರಲ್ಲಿ ಒಂದಕ್ಕೆ ಅರ್ಜಿ ಹಾಕಿದಳು, ಮ್ಯಾಥ್ಸ್‌ಗೆ. ಡಿಸೆಂಬರಿನಲ್ಲಿ ತನ್ನ ಕೋಣೆಯಿಂದಲೇ ಕಂಪ್ಯೂಟರಿನಲ್ಲಿ ಇಂಟರ್ವ್ಯೂ ಕೊಟ್ಟಳು. ಅವಳು ಹಿಂದೆಂದೂ ಕಾಣದ ಒಂದು ಗ್ರಾಫ್ ಬರೆಯಲು ಹೇಳಿದರಂತೆ. ತಪ್ಪು ಬರೆದಳು. ಅವರು ಗದರಲಿಲ್ಲ, ಸಣ್ಣ ಸುಳಿವು ಕೊಟ್ಟು, "ಈಗ ಏನನ್ನಿಸುತ್ತೆ?" ಅಂದರು. ಅವರಿಗೆ ಬೇಕಿರುವುದು ಉತ್ತರವಲ್ಲ, ತೋಚಿದ್ದನ್ನು ಬಾಯಿಬಿಟ್ಟು ಹೇಳುತ್ತಾ ಯೋಚಿಸುವ ಧೈರ್ಯ. ಅಲ್ಲಿಯ ಪಾಠವೂ ಹಾಗೇ ನಡೆಯುವುದು: ವಾರವಾರ ಒಬ್ಬ ಗುರುವಿನ ಮುಂದೆ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಕೂತು ತಮ್ಮ ವಾದವನ್ನು ಸಮರ್ಥಿಸಿಕೊಳ್ಳಬೇಕು. ನಾವು ಮಕ್ಕಳಿಗೆ ಏನು ಕಲಿಸಿದ್ದೇವೆ? ದೊಡ್ಡವರಿಗೆ ಎದುರು ಮಾತಾಡಬೇಡ. ಅದಕ್ಕೇ ಹೇಳ್ತೀನಿ, ಟ್ಯೂಷನ್ನಿಗೆ ದುಡ್ಡು ಸುರಿಯುವ ಬದಲು ಊಟಕ್ಕೆ ಕೂತಾಗ ಅವಳ ಜೊತೆ ವಾದ ಮಾಡು. "ಯಾಕೆ ಹಾಗನ್ನಿಸ್ತು ನಿಂಗೆ?" ಅಂತ ಕೇಳು. ಕನ್ನಡದಲ್ಲೇ ಕೇಳು. ಯೋಚನೆಗೆ ಇಂಗ್ಲಿಷೇ ಆಗಬೇಕೆಂದಿಲ್ಲ.

ಮಗಳಿಗೆ ಸೀಟು ಸಿಗಲಿಲ್ಲ. ಒಂದು ವಾರ ಅತ್ತಳು, ನಾನೂ ಅವಳ ಜೊತೆ ಅತ್ತೆ. ಈಗ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾಳೆ, ಖುಷಿಯಾಗಿದ್ದಾಳೆ. ಅರ್ಜಿಗೆ ತಯಾರಾಗುತ್ತಿದ್ದ ಆ ಆರು ತಿಂಗಳು ಅವಳು ಮ್ಯಾಥ್ಸ್ ಓದಿದ ರೀತಿಯೇ ಬೇರೆ. ಸಿಲಬಸ್ಸಿನಾಚೆಯ ಪುಸ್ತಕಗಳನ್ನು ತಾನೇ ಲೈಬ್ರರಿಯಿಂದ ತಂದು ಓದುತ್ತಿದ್ದಳು. ಕೇಂಬ್ರಿಡ್ಜಿನಲ್ಲಿ ಅರ್ಜಿ ಹಾಕಿದವರಲ್ಲಿ ಸುಮಾರು ಆರಕ್ಕೆ ಒಬ್ಬರಿಗಷ್ಟೇ ಸೀಟು. ಇದನ್ನು ಮಗಳಿಗೂ ಮುಚ್ಚಿಡಬೇಡ.

ದುಡ್ಡಿನ ವಿಷಯ ನೇರವಾಗಿ ಹೇಳ್ತೀನಿ. ಇಲ್ಲಿಯವರ ಫೀಸು 2025-26ರಲ್ಲಿ ವರ್ಷಕ್ಕೆ 9,535 ಪೌಂಡು. ಆಕ್ಸ್‌ಫರ್ಡಿಗೂ ಅಷ್ಟೇ, ನಮ್ಮೂರ ಯೂನಿವರ್ಸಿಟಿಗೂ ಅಷ್ಟೇ. ಅದಕ್ಕೆ ಸರ್ಕಾರದ ಸಾಲ ಸಿಗುತ್ತದೆ, ಸಂಬಳ ವರ್ಷಕ್ಕೆ 25,000 ಪೌಂಡು ದಾಟಿದ ಮೇಲಷ್ಟೇ ತೀರಿಸಬೇಕು. ವಿದೇಶಿ ಲೆಕ್ಕಕ್ಕೆ ಸೇರಿದರೆ ಮಾತ್ರ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಫೀಸು ಅದರ ಎರಡೂವರೆ ಪಟ್ಟಿಗೂ ಮೇಲೆ, ಸಾಲವೂ ಇಲ್ಲ. ಸಾಮಾನ್ಯ ನಿಯಮ ಇಷ್ಟು: ಕೋರ್ಸು ಶುರುವಾಗುವ ಹೊತ್ತಿಗೆ ಸೆಟಲ್ಡ್ ಆಗಿರಬೇಕು, ಅಂದರೆ ಐಎಲ್ಆರ್, ಇಲ್ಲಿ ಕಾಯಂ ಆಗಿ ಇರುವ ಅನುಮತಿ, ಬಂದಿರಬೇಕು, ಅದಕ್ಕೂ ಹಿಂದಿನ ಮೂರು ವರ್ಷ ಇಲ್ಲೇ ವಾಸವಿರಬೇಕು. ನೀವು ವರ್ಕ್ ವೀಸಾದಲ್ಲಿ ಬಂದವರು, ಮಗಳಿಗೆ ಇನ್ನೂ ನಾಲ್ಕೈದು ವರ್ಷ ಇದೆ. ಐಎಲ್ಆರ್ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಅದಕ್ಕೆ ಈಗಿನಿಂದಲೇ ಕಣ್ಣಿಟ್ಟಿರು. ಮಗಳ ಐಎಲ್ಆರ್ ಅರ್ಜಿಯನ್ನೂ ನಿಮ್ಮದರ ಜೊತೆಗೇ ಹಾಕಿ. ಅವಳದ್ದು ಆಮೇಲೆ ನೋಡೋಣ ಅಂತ ಬಿಟ್ಟು ಒದ್ದಾಡಿದ ಮನೆಗಳನ್ನು ನೋಡಿದ್ದೇನೆ.

ಟ್ರಿಪ್ಪಿನ ದಿನ ನಿಮ್ಮ ವೇಕ್‌ಫೀಲ್ಡಿನಿಂದ ಬಸ್ಸಿನಲ್ಲಿ ಮೂರು ಗಂಟೆ ದಾರಿ. ಮಳೆಕೋಟು ಹಾಕಿ ಕಳಿಸು, ಚಿತ್ರಾನ್ನ ಕಟ್ಟಿಕೊಡು. ಕಾಲೇಜು ತೋರಿಸಲು ಅಲ್ಲಿ ಓದುವ ಹುಡುಗರೇ ಬರುತ್ತಾರೆ. ಅವರನ್ನು ಎರಡು ಪ್ರಶ್ನೆ ಕೇಳಲು ಹೇಳು: ನೀವು ಯಾವ ಥರದ ಸ್ಕೂಲಿನಿಂದ ಬಂದಿರಿ, ಇಲ್ಲಿಗೆ ಅರ್ಜಿ ಹಾಕು ಅಂತ ನಿಮಗೆ ಮೊದಲು ಹೇಳಿದವರು ಯಾರು? ರಾತ್ರಿ ಬಂದ ಮೇಲೆ ನಿದ್ದೆ ಬರದಿದ್ದರೆ ನನಗೆ ಫೋನ್ ಮಾಡಲಿ, ನಾನು ಎದ್ದಿರುತ್ತೇನೆ.

ನಿನ್ನ ಅಕ್ಕ,
ಲೀಡ್ಸ್