ನಲವತ್ತರೊಳಗೇ ಮುಟ್ಟು ನಿಂತರೆ: ಯಾವ ಪರೀಕ್ಷೆ, ಎಷ್ಟು ಹಾರ್ಮೋನ್, ಎಲ್ಲಿಯವರೆಗೆ?

ಪ್ರಶ್ನೆ: ನನಗೆ 36 ವರ್ಷ. ಐದು ತಿಂಗಳಿಂದ ಮುಟ್ಟಿಲ್ಲ. ರಾತ್ರಿ ಮೈ ಬಿಸಿಯೇರಿ, ಬೆವರಿ ಎಚ್ಚರವಾಗುತ್ತದೆ. ಡಾಕ್ಟರಿಗೆ ತೋರಿಸಿದರೆ ‘ಟೆನ್ಶನ್ನಿಗೆ ಹೀಗಾಗಿದೆ’ ಎಂದು ಮುಟ್ಟು ಬರುವ ಮಾತ್ರೆ ಕೊಟ್ಟರು. ಮಾತ್ರೆ ಮುಗಿದ ಮೇಲೆ ಸ್ವಲ್ಪ ಹೋಯಿತು, ಆಮೇಲೆ ಮತ್ತೆ ಇಲ್ಲ. ಏನು ಪರೀಕ್ಷೆ ಮಾಡಿಸಲಿ?

ಉತ್ತರ: ಮಾತ್ರೆಯಿಂದ ರಕ್ತ ಕಂಡಿತು, ಹಾಗಾಗಿ ಅಂಡಾಶಯ ಸರಿಯಿದೆ ಎಂದುಕೊಳ್ಳಬೇಡಿ. ತುಂಬ ಜನ ಎಡವುವುದು ಇಲ್ಲೇ. ಅದು ಪ್ರೊಜೆಸ್ಟರಾನ್ ಜಾತಿಯ ಮಾತ್ರೆ. ಮೈಯಲ್ಲಿ ಒಂದಿಷ್ಟು ಈಸ್ಟ್ರೋಜನ್ (ಅಂಡಾಶಯ ಸೂಸುವ ಹಾರ್ಮೋನ್) ಉಳಿದಿದ್ದರೂ ಗರ್ಭಕೋಶದ ಒಳಪೊರೆ ಬೆಳೆದಿರುತ್ತದೆ, ಮಾತ್ರೆ ನಿಂತಾಗ ಕಳಚಿ ಹೋಗುತ್ತದೆ. ಸೋಲುತ್ತಿರುವ ಅಂಡಾಶಯ ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಆಗಾಗ ಎದ್ದು ಕೆಲಸ ಮಾಡಿ ಮತ್ತೆ ಮಲಗುತ್ತದೆ. ಹಾಗಾಗಿ ಆ ರಕ್ತಸ್ರಾವದಿಂದ ಏನೂ ತೀರ್ಮಾನವಾಗುವುದಿಲ್ಲ.

ಮೊದಲು ಮನೆಯಲ್ಲೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಅದು ನೆಗೆಟಿವ್ ಬಂದರೆ ರಕ್ತದಲ್ಲಿ ನಾಲ್ಕು ನೋಡಬೇಕು: ಎಫ್‌ಎಸ್‌ಎಚ್ (ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಪಿಟ್ಯುಟರಿ ಹಾರ್ಮೋನ್, ಅಂಡಾಶಯ ಸೋತರೆ ಏರುತ್ತದೆ), ಈಸ್ಟ್ರಡಯಾಲ್ (ಮೈಯಲ್ಲಿನ ಮುಖ್ಯ ಈಸ್ಟ್ರೋಜನ್), ಟಿಎಸ್‌ಎಚ್, ಪ್ರೊಲ್ಯಾಕ್ಟಿನ್. ಕೊನೆಯ ಎರಡು ಥೈರಾಯ್ಡ್ ಮತ್ತು ಪಿಟ್ಯುಟರಿ ಗ್ರಂಥಿಗಳ ತೊಂದರೆ ಹಿಡಿಯಲು, ಏಕೆಂದರೆ ಅವುಗಳಿಂದಲೂ ಮುಟ್ಟು ನಿಲ್ಲುತ್ತದೆ. ಮುಟ್ಟೇ ಬರದಿದ್ದರೆ ಯಾವ ದಿನವಾದರೂ ರಕ್ತ ಕೊಡಬಹುದು. ಅಷ್ಟಿಷ್ಟು ಬರುತ್ತಿದ್ದರೆ ಎರಡರಿಂದ ಐದನೇ ದಿನದೊಳಗೆ ಕೊಡಿ. ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ತಗ್ಗಿಸಿಡುತ್ತದೆ. ಡಾಕ್ಟರ್ ಹತ್ತಿರ ಮಾತಾಡಿ 4ರಿಂದ 6 ವಾರ ಬಿಟ್ಟು ಪರೀಕ್ಷೆ ಮಾಡಿಸಿ, ಅಷ್ಟು ದಿನ ಕಾಂಡೋಮ್ ಬಳಸಿ.

ವಯಸ್ಸು 40ರ ಒಳಗೆ, ಕನಿಷ್ಠ ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ ಅಥವಾ ಏರುಪೇರಾಗಿದೆ, ಎಫ್‌ಎಸ್‌ಎಚ್ 25 ಐಯುಗಿಂತ ಮೇಲಿದೆ ಎಂದಾದರೆ ಅದನ್ನು ಅಂಡಾಶಯದ ಅಕಾಲಿಕ ವೈಫಲ್ಯ ಎನ್ನುತ್ತಾರೆ. ಸಂಖ್ಯೆ ಅನುಮಾನಕ್ಕೆ ಎಡೆಮಾಡಿದರೆ 4–6 ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. 40ರಿಂದ 45ರೊಳಗೆ ನಿಂತರೆ ಅದು ಬೇಗ ಬಂದ ಋತುಬಂಧ. ಹೆಸರು ಬೇರೆಯಾದರೂ ಚಿಕಿತ್ಸೆಯ ದಾರಿ ಹೆಚ್ಚುಕಡಿಮೆ ಒಂದೇ. ಅಂಡಾಶಯದಲ್ಲಿ ಎಷ್ಟು ಮೊಟ್ಟೆ ಉಳಿದಿರಬಹುದು ಎಂದು ಅಂದಾಜಿಸುವ ಎಎಂಎಚ್ ಪರೀಕ್ಷೆ ಒಂದನ್ನೇ ಮಾಡಿಸಿ ‘ಕಡಿಮೆಯಿದೆ, ಮುಗಿಯಿತು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಎಫ್‌ಎಸ್‌ಎಚ್ ಗೊಂದಲ ಮಾಡಿದಾಗ ನೆರವಿಗೆ ಬರುವ ಪರೀಕ್ಷೆ.

ಖಚಿತವಾದ ಮೇಲೆ ಕಾರಣ ಹುಡುಕುವುದನ್ನು ಬಿಡಬಾರದು. ಹೆಚ್ಚಿನವರಲ್ಲಿ ಕಾರಣ ಸಿಗುವುದಿಲ್ಲ, ನಿಜ. ಆದರೆ ಸಿಕ್ಕಿದರೆ ಮುಂದಿನ ದಾರಿಯೇ ಬದಲಾಗುತ್ತದೆ. ಕ್ರೋಮೋಸೋಮ್ ಪರೀಕ್ಷೆಯಲ್ಲಿ ಟರ್ನರ್ ಸಿಂಡ್ರೋಮ್ (ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದಿರುವುದು ಅಥವಾ ಅರೆಬರೆ ಇರುವುದು) ಕಂಡರೆ ಹೃದಯ ಮತ್ತು ಮಹಾಪಧಮನಿಯನ್ನೂ ನೋಡಬೇಕಾಗುತ್ತದೆ. ಎಫ್‌ಎಂಆರ್1 ಜೀನ್‌ನಲ್ಲಿ (ಮಕ್ಕಳಲ್ಲಿ ಬುದ್ಧಿ ಬೆಳವಣಿಗೆ ಕುಂಠಿಸುವ ಫ್ರಜೈಲ್ ಎಕ್ಸ್ ಕಾಯಿಲೆಯ ಜೀನ್) ಬದಲಾವಣೆ ಇದ್ದರೆ ಅದು ಅಕ್ಕತಂಗಿಯರಿಗೂ ಹುಟ್ಟುವ ಮಕ್ಕಳಿಗೂ ಸಂಬಂಧಿಸಿದ ವಿಷಯ. ಮೂರನೆಯದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ವಿರುದ್ಧದ ಆ್ಯಂಟಿಬಾಡಿ, 21 ಹೈಡ್ರಾಕ್ಸಿಲೇಸ್ ಎಂದು ಬರೆದಿರುತ್ತಾರೆ. ಇದನ್ನು ಮರೆಯುವವರೇ ಹೆಚ್ಚು. ಅಡ್ರಿನಲ್ ಸೋತರೆ ಜೀವಕ್ಕೇ ಅಪಾಯ. ತೂಕ ಇಳಿಯುತ್ತಿದ್ದರೆ, ಅಂಗೈ ಗೆರೆ ಮತ್ತು ಒಸಡು ಕಪ್ಪಾಗುತ್ತಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಕಾಯದೆ ಹೇಳಿ. ಇವುಗಳ ಜೊತೆಗೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಒಂದು ಆಗಿರಲಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

ಡಾಕ್ಟರ್ ಬಳಿ ಹೋಗುವಾಗ ಒಂದು ಚೀಟಿಯಲ್ಲಿ ಹಿಂದಿನ ಆರು ಮುಟ್ಟಿನ ತಾರೀಖು, ರಾತ್ರಿ ಎಷ್ಟು ಸಲ ಬೆವರಿ ಏಳುತ್ತೀರಿ, ತಾಯಿಗೆ ಮತ್ತು ಅಕ್ಕಂದಿರಿಗೆ ಯಾವ ವಯಸ್ಸಿನಲ್ಲಿ ಮುಟ್ಟು ನಿಂತಿತು, ಹಿಂದೆ ಕಿಮೋ, ರೇಡಿಯೇಷನ್ ಅಥವಾ ಅಂಡಾಶಯದ ಆಪರೇಷನ್ ಆಗಿತ್ತೇ ಎಂದು ಬರೆದುಕೊಂಡು ಹೋಗಿ. ‘ತುಂಬ ಸುಸ್ತು’ ಎಂದಷ್ಟೇ ಹೇಳಿದರೆ ವಿಟಮಿನ್ ಮಾತ್ರೆಯೇ ಸಿಗುವುದು.

ಪ್ರಶ್ನೆ: ಮೊದಲ ರಿಪೋರ್ಟ್‌ನಲ್ಲಿ ಎಫ್‌ಎಸ್‌ಎಚ್ 58 ಇತ್ತು, ಎರಡು ತಿಂಗಳ ನಂತರ 14. ಲ್ಯಾಬಿನವರ ತಪ್ಪೇ? ಮಧ್ಯೆ ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ಶುರುಮಾಡಿದ್ದೆ.

ಉತ್ತರ: ಬಯೋಟಿನ್ ವಿಷಯ ಬರೆದದ್ದು ಒಳ್ಳೆಯದಾಯಿತು. ದಿನಕ್ಕೆ ಬೇಕಾಗುವ ಬಯೋಟಿನ್ ಸುಮಾರು 30 ಮೈಕ್ರೊಗ್ರಾಂ; ಕೂದಲಿನ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುವುದುಂಟು, ಅಂದರೆ ನೂರಾರು ಪಟ್ಟು. ಕೆಲವು ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿಯುವುದೇ ಬಯೋಟಿನ್ ಅಂಟಿನ ಮೂಲಕ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅಂಥ ಯಂತ್ರ ಎಫ್‌ಎಸ್‌ಎಚ್ ಮತ್ತು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯಾಗಿ, ಈಸ್ಟ್ರಡಯಾಲನ್ನು ಹೆಚ್ಚಾಗಿ ತೋರಿಸುತ್ತದೆ. ಸೋತ ಅಂಡಾಶಯ ಕಾಗದದ ಮೇಲೆ ಆರೋಗ್ಯವಾಗಿ ಕಾಣಿಸಲು ಬೇಕಾದ್ದು ಸರಿಯಾಗಿ ಇಷ್ಟೇ! ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ಮೂರು ದಿನ ಕಳೆದ ಮೇಲೆ, ಅದೇ ಲ್ಯಾಬಿನಲ್ಲಿ ಮತ್ತೆ ಕೊಡಿ. ಮಲ್ಟಿವಿಟಮಿನ್ ಡಬ್ಬಿಯ ಲೇಬಲ್ಲನ್ನೂ ಓದಿ, ಅದರಲ್ಲೂ ಇರಬಹುದು.

ಬಯೋಟಿನ್ ಕಾರಣವಲ್ಲದಿದ್ದರೂ ಇಂಥ ಏರಿಳಿತ ಇದ್ದದ್ದೇ. ಅಂಡಾಶಯ ಎದ್ದ ತಿಂಗಳಲ್ಲಿ ಎಫ್‌ಎಸ್‌ಎಚ್ ಇಳಿಯುತ್ತದೆ. ಒಂದು ಕಡಿಮೆ ಸಂಖ್ಯೆ ಬಂದಿತೆಂದು ಹಿಂದಿನ 58 ಸುಳ್ಳಾಗುವುದಿಲ್ಲ. ಈಗ ಎಎಂಎಚ್ ಮಾಡಿಸಿದರೆ ಉಪಯೋಗವಿದೆ.

ಪ್ರಶ್ನೆ: 34ಕ್ಕೇ ಮುಟ್ಟು ನಿಂತಿದೆ. ಡಾಕ್ಟರ್ ಹಾರ್ಮೋನ್ ಬರೆದಿದ್ದಾರೆ. ‘ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತೆ, ಸಹಿಸಿಕೋ’ ಅಂತ ಅಮ್ಮ ಹೆದರಿಸುತ್ತಾರೆ.

ಉತ್ತರ: ನಿಮ್ಮ ಅಮ್ಮನ ಭಯಕ್ಕೆ ಬೇರು ಇದೆ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಆದರೆ ಅದರಲ್ಲಿ ಇದ್ದವರು 50ರಿಂದ 79 ವರ್ಷದವರು, ಸರಾಸರಿ ವಯಸ್ಸು 63. ಪ್ರಕೃತಿ ಸಹಜವಾಗಿ ಹಾರ್ಮೋನ್ ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೆ ಅವರಿಗೆ ಕೊಟ್ಟದ್ದು. ನಿಮ್ಮ ಓರಗೆಯವರ ಮೈಯಲ್ಲಿ ಇನ್ನೂ ಹದಿನೈದು ವರ್ಷ ತಾನಾಗಿ ಹರಿಯುವ ಈಸ್ಟ್ರೋಜನ್ ನಿಮಗೆ ಇಲ್ಲವಾಗಿದೆ. ಡಾಕ್ಟರ್ ಬರೆದಿರುವುದು ಆ ಕೊರತೆ ತುಂಬಲು. ಥೈರಾಯ್ಡ್ ಸೋತವರು ಥೈರಾಕ್ಸಿನ್ ನುಂಗಿದಂತೆ. ಸಹಜ ಋತುಬಂಧದ ವಯಸ್ಸಿನವರೆಗೆ, ಅಂದರೆ ಸುಮಾರು 50ರವರೆಗೆ, ಹೀಗೆ ತೆಗೆದುಕೊಂಡರೆ ಅದೇ ವಯಸ್ಸಿನ, ಮುಟ್ಟಾಗುವ ಹೆಂಗಸರಿಗಿಂತ ಸ್ತನ ಕ್ಯಾನ್ಸರ್ ಹೆಚ್ಚಾಗುತ್ತದೆ ಎಂದು ಕಂಡುಬಂದಿಲ್ಲ. ತೆಗೆದುಕೊಳ್ಳದಿದ್ದರೆ ಆಗುವುದು ಮಾತ್ರ ಗೊತ್ತಿರುವಂಥದ್ದೇ: ಮೂಳೆ ಸವೆಯುತ್ತದೆ, ಹೃದ್ರೋಗ ಬೇಗ ಬರುವ ಸಂಭವ ಹೆಚ್ಚು. ಬೆವರನ್ನು ಸಹಿಸಬಹುದು, ಆದರೆ ಮೂಳೆ ಸವೆಯುವುದು ಮುರಿಯುವವರೆಗೂ ಗೊತ್ತೇ ಆಗುವುದಿಲ್ಲ.

ಸ್ತನ ಕ್ಯಾನ್ಸರ್ ಈಗಾಗಲೇ ಬಂದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು, ತೀವ್ರ ಲಿವರ್ ಕಾಯಿಲೆ ಇರುವವರು ಹಾರ್ಮೋನ್ ಶುರುಮಾಡುವಂತಿಲ್ಲ. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಥವಾ ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇದ್ದರೆ ಮೊದಲೇ ಹೇಳಿ. ಅಂಥವರಿಗೆ ಮಾತ್ರೆಗಿಂತ ಚರ್ಮದ ಮೂಲಕ ಕೊಡುವುದು ಸುರಕ್ಷಿತ. ಮಾತ್ರೆ ಮೊದಲು ಲಿವರ್‌ಗೆ ಹೋಗಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ, ಪ್ಯಾಚ್ ಮತ್ತು ಜೆಲ್ ಹಾಗಲ್ಲ.

ಪ್ರಶ್ನೆ: 50ರ ಈಸ್ಟ್ರಡಯಾಲ್ ಪ್ಯಾಚ್ ಹಾಕಿ ಎರಡು ತಿಂಗಳಾಯಿತು, ವಯಸ್ಸು 37. ಬೆವರು ಅರ್ಧ ಕಡಿಮೆಯಾಗಿದೆ ಅಷ್ಟೆ. ಪ್ಯಾಚ್ ಅಂಚಿನಲ್ಲಿ ಏಳುತ್ತದೆ. ಪ್ರೊಜೆಸ್ಟರಾನ್ ನುಂಗಿದರೆ ಬೆಳಿಗ್ಗೆಯೆಲ್ಲ ತೂಕಡಿಕೆ, ಅದನ್ನು ಬಿಡಬಹುದೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ: ಗರ್ಭಕೋಶ ಇರುವವರೆಗೆ ಪ್ರೊಜೆಸ್ಟರಾನ್ ಬಿಡುವ ಹಾಗಿಲ್ಲ. ಬರೀ ಈಸ್ಟ್ರೋಜನ್ ಹೋದರೆ ಒಳಪೊರೆ ದಪ್ಪವಾಗುತ್ತಲೇ ಹೋಗಿ, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ತೂಕಡಿಕೆಗೆ ಸಮಯ ಬದಲಿಸಿ. ಕ್ಯಾಪ್ಸೂಲನ್ನು ರಾತ್ರಿ ಹಾಸಿಗೆಗೆ ಹೋಗುವಾಗ, ಊಟವಾಗಿ ಎರಡು ಗಂಟೆ ಕಳೆದ ಮೇಲೆ ನುಂಗಿ. ಹೊಟ್ಟೆ ತುಂಬಿದ್ದರೆ ಅದು ಹೆಚ್ಚು ಹೀರಿಕೊಂಡು ಮಂಪರು ಜಾಸ್ತಿಯಾಗುತ್ತದೆ. ಆಗಲೂ ಆಗದಿದ್ದರೆ ಡೈಡ್ರೊಜೆಸ್ಟರಾನ್ ಎಂಬ ಅದೇ ಜಾತಿಯ ಮಾತ್ರೆಗೆ ಬದಲಾಯಿಸಲು ಕೇಳಿ. ಕಡಲೆಕಾಯಿ ಅಲರ್ಜಿ ಇದ್ದರೆ ಕ್ಯಾಪ್ಸೂಲಿನೊಳಗೆ ಯಾವ ಎಣ್ಣೆ ಇದೆ ಎಂದು ವಿಚಾರಿಸಿ, ಕೆಲವದರಲ್ಲಿ ಕಡಲೆಕಾಯಿ ಎಣ್ಣೆಯೇ ಇರುತ್ತದೆ.

ಇನ್ನು ಪ್ರಮಾಣ. ದಿನಕ್ಕೆ 50 ಮೈಕ್ರೊಗ್ರಾಂ ಎಂಬುದು ಐವತ್ತು ದಾಟಿದವರಿಗೆ ಸಾಮಾನ್ಯವಾಗಿ ಸಾಕಾಗುವ ಅಳತೆ. ನಿಮ್ಮ ವಯಸ್ಸಿಗೆ 75ರಿಂದ 100 ಬೇಕಾಗುತ್ತದೆ, ಮಾತ್ರೆಯಾದರೆ 2ರಿಂದ 4 ಮಿಲಿಗ್ರಾಂ ಈಸ್ಟ್ರಡಯಾಲ್. ಒಮ್ಮೆಲೇ ಏರಿಸಿದರೆ ಸ್ತನ ನೋವು, ವಾಕರಿಕೆ ಕಾಡುತ್ತವೆ, ಅದಕ್ಕೇ ಕೆಳಗಿನಿಂದ ಶುರುಮಾಡಿರಬೇಕು. ಆದರೆ ಅಲ್ಲಿಗೇ ನಿಲ್ಲಿಸಿಬಿಡುವುದು ತಪ್ಪು. ಬೆವರು ನಿಂತಿತು ಎಂದ ಮಾತ್ರಕ್ಕೆ ಮೂಳೆಗೆ ಸಾಕಾಗಿದೆ ಎಂದಲ್ಲ. ಏರಿಸುವ ಮಾತನ್ನು ನೀವೇ ತೆಗೆಯಿರಿ. ಈಸ್ಟ್ರೋಜನ್ 100ಕ್ಕೆ ಹೋದಾಗ ಪ್ರೊಜೆಸ್ಟರಾನ್ ಅದಕ್ಕೆ ತಕ್ಕಷ್ಟು ಇದೆಯೇ ನೋಡಬೇಕು: ಪ್ರತಿ ತಿಂಗಳು 12ರಿಂದ 14 ರಾತ್ರಿ 200 ಮಿಲಿಗ್ರಾಂ ವಾಡಿಕೆಯ ಅಳತೆ. ಕೋರ್ಸ್ ಮುಗಿಯುವ ಹೊತ್ತಿಗೆ ಮುಟ್ಟಿನಂತೆ ರಕ್ತ ಹೋಗುತ್ತದೆ, ಗಾಬರಿ ಬೇಡ. ಮೊದಲ ಮೂರು ನಾಲ್ಕು ತಿಂಗಳು ಅಲ್ಲೊಂದು ಇಲ್ಲೊಂದು ಚುಕ್ಕೆ ಕಾಣಬಹುದು. ಆರು ತಿಂಗಳಾದ ಮೇಲೂ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿದ್ದರೆ ಒಳಪೊರೆಯ ಸ್ಕ್ಯಾನ್ ಬೇಕು. ಎಫ್‌ಎಸ್‌ಎಚ್ ಅನ್ನು ಮತ್ತೆ ಮತ್ತೆ ಅಳೆದು ಪ್ರಯೋಜನವಿಲ್ಲ, ಚಿಕಿತ್ಸೆಯ ಗುರಿ ಆ ಸಂಖ್ಯೆಯನ್ನು ಇಳಿಸುವುದಲ್ಲ.

ಪ್ಯಾಚ್ ಏಳುವುದು ಮುಕ್ಕಾಲುಪಾಲು ಚರ್ಮದ ಜಿಡ್ಡಿನಿಂದ. ಸೊಂಟದ ಕೆಳಗೆ, ಕುಂಡಿಯ ಮೇಲ್ಭಾಗದಲ್ಲಿ, ಮಡಿಕೆ ಬೀಳದ, ಸೀರೆ ಕಟ್ಟು ಅಥವಾ ಪ್ಯಾಂಟಿನ ಪಟ್ಟಿ ಉಜ್ಜದ ಜಾಗ ಹುಡುಕಿ. ಸ್ನಾನವಾದ ತಕ್ಷಣ ಹಚ್ಚಬೇಡಿ. ಮೈ ಆರಿ ತಣ್ಣಗಾಗಲಿ. ಎಣ್ಣೆ, ಲೋಷನ್, ಪೌಡರ್ ಯಾವುದೂ ಅಲ್ಲಿ ಇರಬಾರದು. ಅಂಟು ಬದಿಗೆ ಬೆರಳು ತಾಗಿಸದೆ ಇಟ್ಟು, ಅಂಗೈಯಿಂದ ಹತ್ತು ಸೆಕೆಂಡ್ ಒತ್ತಿ, ಅಂಚಿನ ಸುತ್ತ ಬೆರಳಾಡಿಸಿ. ಸ್ತನದ ಮೇಲೆ ಎಂದೂ ಹಾಕಬೇಡಿ. ಮುಂದಿನ ಸಲ ಆಚೆ ಬದಿಗೆ. ಅದೇ ಜಾಗಕ್ಕೆ ವಾರದೊಳಗೆ ಮರಳಬೇಡಿ. ಆದರೂ ನಿಲ್ಲದಿದ್ದರೆ ಜೆಲ್ ಇದೆ. ಅದನ್ನು ತೋಳು ಅಥವಾ ತೊಡೆಗೆ ತೆಳ್ಳಗೆ ಸವರಿ ಒಣಗಿಸಿ, ಕೈ ತೊಳೆದುಕೊಳ್ಳಿ, ಮಕ್ಕಳ ಮೈಗೆ ತಾಗದಂತೆ ಬಟ್ಟೆ ಮುಚ್ಚಿ.

ಪ್ರಶ್ನೆ: 41ಕ್ಕೆ ಗರ್ಭಕೋಶ, ಎರಡೂ ಅಂಡಾಶಯ ತೆಗೆದರು. ನನಗೂ ಪ್ರೊಜೆಸ್ಟರಾನ್ ಬೇಕೇ? ಥೈರಾಯ್ಡ್ ಮಾತ್ರೆಯೂ ಇದೆ.

ಉತ್ತರ: ಸಾಮಾನ್ಯವಾಗಿ ಬೇಡ, ಈಸ್ಟ್ರೋಜನ್ ಒಂದೇ ಸಾಕು. ಎಂಡೊಮೆಟ್ರಿಯೋಸಿಸ್‌ಗಾಗಿ (ಒಳಪೊರೆಯಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ತೆಗೆದಿದ್ದರೆ ಮಾತ್ರ ಸೇರಿಸುವ ಬಗ್ಗೆ ಯೋಚಿಸುತ್ತಾರೆ, ಏಕೆಂದರೆ ಅದರ ತುಣುಕು ಹೊಟ್ಟೆಯಲ್ಲಿ ಉಳಿದಿರಬಹುದು. ಈಸ್ಟ್ರೋಜನ್ ಅನ್ನು ಮಾತ್ರೆಯಾಗಿ ನುಂಗಿದರೆ ಥೈರಾಕ್ಸಿನ್ ಅಳತೆ ಹೆಚ್ಚಿಸಬೇಕಾಗಬಹುದು. ಶುರುಮಾಡಿ 6–8 ವಾರಕ್ಕೆ ಟಿಎಸ್‌ಎಚ್ ನೋಡಿ. ಪ್ಯಾಚ್ ಆದರೆ ಈ ತಾಪತ್ರಯ ಇಲ್ಲ.

ಪ್ರಶ್ನೆ: ಹಾರ್ಮೋನ್ ತೆಗೆದುಕೊಂಡರೆ ಮಗು ಆಗುತ್ತದೆಯೇ? ಅಥವಾ ಇನ್ನು ಆಗುವುದೇ ಇಲ್ಲವೇ?

ಉತ್ತರ: ಈ ಚಿಕಿತ್ಸೆ ಮೊಟ್ಟೆ ಬೆಳೆಸುವುದಿಲ್ಲ, ಇದ್ದದ್ದನ್ನು ತಡೆಯುವುದೂ ಇಲ್ಲ. ಅಕಾಲಿಕ ವೈಫಲ್ಯವಾದವರಲ್ಲಿ ಸುಮಾರು ನೂರಕ್ಕೆ ಐದು ಮಂದಿ ತಾವಾಗಿಯೇ ಗರ್ಭಿಣಿಯಾಗುತ್ತಾರೆ. ಮಗು ಬೇಕೆನ್ನುವವರಿಗೆ ಹೆಚ್ಚು ಭರವಸೆಯ ದಾರಿ ದಾನಿಯ ಅಂಡಾಣು. ಅಂಡಾಶಯಕ್ಕೆ ನಿಮ್ಮದೇ ರಕ್ತದ ಪ್ಲಾಸ್ಮಾ ಚುಚ್ಚಿ ‘ಮತ್ತೆ ಎಳೆಯದಾಗಿಸುತ್ತೇವೆ’ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯಬೇಡಿ, ಅದು ಕೆಲಸ ಮಾಡುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಮಗು ಬೇಡವೆನ್ನುವವರು ಗರ್ಭನಿರೋಧಕವನ್ನು ಬಿಡುವಂತಿಲ್ಲ. ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನ್ ಸೂಸುವ, ಕಾಪರ್-ಟಿಯಂತೆ ಗರ್ಭಕೋಶದೊಳಗೆ ಇಡುವ ಸಾಧನ ಹಾಕಿಸಿಕೊಂಡರೆ ಗರ್ಭ ನಿಲ್ಲುವುದನ್ನೂ ತಡೆಯುತ್ತದೆ, ಒಳಪೊರೆಯನ್ನೂ ಕಾಯುತ್ತದೆ. ಆಗ ರಾತ್ರಿಯ ಕ್ಯಾಪ್ಸೂಲೂ ಬೇಡ. ಸಾಧನವಿಲ್ಲದೆ ಕ್ಯಾಪ್ಸೂಲ್ ಮೇಲೆಯೇ ಇರುವವರಿಗೆ ಕೋರ್ಸ್ ಮುಗಿದು ವಾರವಾದರೂ ರಕ್ತ ಕಾಣದಿದ್ದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.