ಬೇಸಿಗೆಯಲ್ಲಿ ಕುಟುಂಬದವರೆಲ್ಲ ಸೇರೋದು ಊರಿನ ಮನೆಯಲ್ಲೋ, ರೆಸಾರ್ಟ್‌ನಲ್ಲೋ?

ಎಲ್ಲಿ ಸೇರೋದು ಅಂತ ನೀವು ಬರೆದು ಕೇಳಿದ್ದನ್ನು ಓದಿದೆ. ನಿಮ್ಮ ಅಜ್ಜಿಗೆ ಎಂಬತ್ತು ದಾಟಿದೆ, ಊರು ತೀರ್ಥಹಳ್ಳಿ ಕಡೆ, ನಾಲ್ಕು ತಲೆಮಾರಿನವರು ಸೇರಬೇಕು, ಅರ್ಧ ಜನ ಊರಿನ ಮನೆಯೇ ಆಗಬೇಕು ಅಂತಾರೆ, ಇನ್ನರ್ಧ ರೆಸಾರ್ಟ್ ಅಂತಾರೆ. ಸರಿ. ಆದರೆ ಅದರ ಮಧ್ಯೆ ಒಂದು ಸಾಲು ಬರೆದಿದ್ದೀರಿ, "ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದ್ದೇವೆ, ಎಲ್ಲರಿಗೂ ವಿಷಯ ಗೊತ್ತಿದೆ" ಅಂತ. ಅದನ್ನು ಓದಿ ನನಗೆ ಭಯ ಆಯ್ತು. ನಾನೂ ಒಮ್ಮೆ ಹೀಗೇ ಅಂದುಕೊಂಡಿದ್ದೆ. ಹಾಗಾಗಿ ಜಾಗದ ಮಾತು ಆಮೇಲೆ.

ನಮ್ಮದು ಶರಾವತಿ ಹಿನ್ನೀರಿನ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ತೋಟ ಎಲ್ಲ ಮುಳುಗಿತು. ನಮ್ಮಜ್ಜ ಸಾಗರ ಪೇಟೆಯ ಕಡೆ ಬಂದರು. ಅವರ ತಮ್ಮ, ನಮ್ಮ ಚಿಕ್ಕಜ್ಜ, ಆಚೆ ದಡದಲ್ಲಿ ತುಮರಿ ಕಡೆಯ ಎತ್ತರದ ಜಾಗಕ್ಕೆ ಹೋದರು. ಒಂದೇ ಮನೆಯವರ ನಡುವೆ ಅಷ್ಟಗಲ ನೀರು ಬಂತು. ಆಚೆ ಹೋಗಬೇಕಾದರೆ ಈ ದಡದ ಅಂಬಾರಗೋಡ್ಲುವಿನಲ್ಲಿ ಲಾಂಚ್‌ಗೆ, ಅಂದರೆ ಜನ, ವಾಹನ ದಾಟಿಸುವ ದೋಣಿಗೆ, ಕಾಯಬೇಕಿತ್ತು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆ ರಾತ್ರಿ ಈ ದಡದಲ್ಲೇ. ಹೀಗಿರುವಾಗ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಎರಡೂ ಕಡೆಯವರು ಸೇರೋದು ನಮಗೆ ಬರೀ ರಜದ ಮಜಾ ಆಗಿರಲಿಲ್ಲ. ನಾವೆಲ್ಲ ಒಂದೇ ಮನೆಯವರು ಅಂತ ಮಕ್ಕಳಿಗೆ ಗೊತ್ತಾಗಲು ಇದ್ದ ದಾರಿ ಅದೊಂದೇ.

ಈ ಸೇರುವಿಕೆಯನ್ನು ನಡೆಸುತ್ತಿದ್ದವರು ನಮ್ಮ ಅತ್ತೆ, ಅಪ್ಪನ ಅಕ್ಕ. ಯುಗಾದಿ ಕಳೆದ ಕೂಡಲೇ ಮಧ್ಯಾಹ್ನ ಊಟ ಆದಮೇಲೆ ಜಗಲಿಯಲ್ಲಿ ಕೂತು ಒಂದೊಂದೇ ಮನೆಗೆ ಫೋನ್ ಮಾಡುತ್ತಿದ್ದರು. ಅವರ ಹತ್ತಿರ ಉದ್ದನೆಯ ಒಂದು ಲೆಕ್ಕದ ಪುಸ್ತಕ ಇತ್ತು, ಅಂಚೆಲ್ಲ ಅರಿಶಿನದ ಕಲೆ. ಅದರಲ್ಲಿ ಬರೀ ನಂಬರ್ ಇರಲಿಲ್ಲ. ಒಬ್ಬರ ಹೆಸರಿನ ಮುಂದೆ "ಕಿವಿ ಮಂದ, ಜೋರಾಗಿ ಹೇಳಬೇಕು" ಅಂತ ಇತ್ತು. ಇನ್ನೊಬ್ಬರ ಮುಂದೆ "ಮಗಳ ನಂಟಸ್ತನದ ವಿಷಯ ಕೇಳಬಾರದು, ಮುರಿದಿದೆ" ಅಂತ. ಮತ್ತೊಂದು ಕಡೆ "ಮೂರು ಗಂಟೆ ಮೇಲೆ ಮಾಡು, ಮಲಗಿರ್ತಾರೆ". ಒಂದು ಫೋನು ಅರ್ಧ ಗಂಟೆ ನಡೆಯುತ್ತಿತ್ತು. ಯಾರ ಮಂಡಿ ಆಪರೇಷನ್ ಆಯ್ತು, ಯಾರ ಮನೆ ಹಸು ಕರು ಹಾಕಿತು, ಯಾರ ಮಗ ಕೆಲಸ ಬಿಟ್ಟು ತೋಟಕ್ಕೆ ಬಂದ, ಎಲ್ಲ ಈ ಮನೆಯಿಂದ ಆ ಮನೆಗೆ ಅತ್ತೆಯ ಬಾಯಲ್ಲಿ ಹೋಗುತ್ತಿತ್ತು. ಅಷ್ಟೆಲ್ಲ ಆದಮೇಲೆ ಕೊನೆಗೆ, "ಮೇನಲ್ಲಿ ಸೇರೋದು, ನೀವು ಬರಲೇಬೇಕು".

ಆಮೇಲೆ ಕೊರೊನಾ ಬಂತು. 2020, 2021 ಎರಡೂ ಬೇಸಿಗೆ ಯಾರೂ ಎಲ್ಲಿಗೂ ಹೋಗಲಿಲ್ಲ. ಆಗ ಮಾಡಿದ್ದು ಕುಟುಂಬದ ವಾಟ್ಸಾಪ್ ಗ್ರೂಪ್. ಆ ಹೊತ್ತಿಗೆ ಅದರಿಂದ ನಿಜವಾಗಿಯೂ ಉಪಕಾರ ಆಯ್ತು, ಇಲ್ಲ ಅನ್ನಲ್ಲ. 2022ರಲ್ಲಿ ಮತ್ತೆ ಸೇರೋಣ ಅಂದಾಗ ಎಲ್ಲರಿಗೂ ಎಷ್ಟು ಆಸೆ ಇತ್ತು ಅಂದರೆ ಒಂದೇ ದಿನದಲ್ಲಿ ನೂರಾರು ಮೆಸೇಜು. ಊರಿನ ಮನೆಯಲ್ಲಿ ಅಷ್ಟು ಜನಕ್ಕೆ ಮಾಡಿ ಹಾಕಿ ಅತ್ತಿಗೆಗೆ ಸಾಕಾಗಿ ಹೋಗುತ್ತೆ ಅಂತ ಸಾಗರದ ಹತ್ತಿರ ಒಂದು ಹೋಮ್‌ಸ್ಟೇ ನೋಡಿದೆವು. ತಾರೀಖಿಗೆ ನಾನೇ ಪೋಲ್ ಹಾಕಿದೆ. ಅತ್ತೆಗೆ ಫೋನ್ ಮಾಡಿ ಹೇಳಿದೆ, "ಅತ್ತೆ, ಈ ಸಲ ನೀವು ಮನೆಮನೆಗೆ ಫೋನ್ ಮಾಡೋ ಕಷ್ಟ ಬೇಡ, ಎಲ್ಲ ಗ್ರೂಪಲ್ಲಿ ಹಾಕಿದೀನಿ." ಅವರು ಒಂದು ಕ್ಷಣ ಸುಮ್ಮನಿದ್ದು "ಆಯ್ತು ಮಾರಾಯ್ತಿ" ಅಂದರು.

ತಪ್ಪು ಆಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆ ದಿನ ಇದು ತಪ್ಪು ಅಂತ ಯಾರಿಗೂ ಅನಿಸಲಿಲ್ಲ. ಚಿಕ್ಕಜ್ಜನ ಮನೆಯಲ್ಲಿ ಇದ್ದದ್ದು ಲ್ಯಾಂಡ್‌ಲೈನ್ ಮಾತ್ರ, ಆ ಕಡೆ ಮೊಬೈಲ್ ಸಿಗ್ನಲ್ ಸಿಗೋದೇ ಕಷ್ಟ. ಅವರ ಮಗ, ಬೆಂಗಳೂರಿನ ಚಿಕ್ಕಪ್ಪ, ಗ್ರೂಪಿನಲ್ಲಿದ್ದರು. ಅವರು ಪೋಲ್ ನೋಡಿದರು, ವೋಟೂ ಹಾಕಿದರು. ಅಪ್ಪ ಅಮ್ಮನಿಗೆ ಅತ್ತೆ ಹೇಗೂ ಫೋನ್ ಮಾಡಿ ಕರೆಯುತ್ತಾರೆ, ಪ್ರತಿ ವರ್ಷ ಅವರೇ ತಾನೇ ಕರೆಯೋದು ಅಂದುಕೊಂಡರು. ಅತ್ತೆ, ಗ್ರೂಪಿನಲ್ಲಿ ಹಾಕಿದ್ದಾರಲ್ಲ, ಮಗ ಹೇಳಿರ್ತಾನೆ ಅಂದುಕೊಂಡರು. ನಾನು, ಚಿಕ್ಕಪ್ಪನೇ ವೋಟ್ ಹಾಕಿದಮೇಲೆ ಅವರ ಮನೆಯ ಲೆಕ್ಕ ಮುಗಿಯಿತು ಅಂತ ಅವರ ಹೆಸರಿನ ಮುಂದೆ ನಾಲ್ಕು ಜನ ಅಂತ ಬರೆದುಕೊಂಡೆ. ಹೇಳಿಕೆ ಮಾಡೋದನ್ನು, ಅಂದರೆ ಕರೆಯೋದನ್ನು, ಯಾರೂ ಬೇಕಂತ ಬಿಟ್ಟಿದ್ದಲ್ಲ. ಇನ್ನೊಬ್ಬರು ಹೇಳಿರ್ತಾರೆ ಅಂತ ನಂಬಿದ್ದರು. ಒಬ್ಬರ ಕೈಯಲ್ಲಿದ್ದ ಕೆಲಸವನ್ನು ಎಲ್ಲರ ಕೈಗೆ ಕೊಟ್ಟೆ, ಅದು ಯಾರ ಕೈಯಲ್ಲೂ ಇಲ್ಲದ ಹಾಗಾಯ್ತು. ಹಿಂದಿನ ದಿನ ಚಿಕ್ಕಪ್ಪನಿಗೆ ಕೆಲಸ ಬಂದು ಅವರೂ ಬರಲಿಲ್ಲ, ಇಲ್ಲದಿದ್ದರೆ ಕೊನೇ ಹೊತ್ತಿಗಾದರೂ ಗೊತ್ತಾಗುತ್ತಿತ್ತು.

ಊಟಕ್ಕೆ ಎಲೆ ಹಾಕಿದಾಗ ಅಜ್ಜಿ ಕೇಳಿದರು, ಮೈದುನ ಯಾಕೆ ಬಂದಿಲ್ಲ ಅಂತ. "ಲಾಂಚ್ ತಡ ಆಗಿರಬೇಕು" ಅಂದೆವು. ಪಾಯಸ ಬಡಿಸುವಾಗ ಮತ್ತೆ ಕೇಳಿದರು. ಆಗ ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಆಗಲೇ ಫೋನ್ ಮಾಡಿದೆವು, ಲೈನ್ ಸತ್ತಿತ್ತು.

ಎರಡು ದಿನದ ಮೇಲೆ ಪಕ್ಕದ ಮನೆ ಹುಡುಗ ತನ್ನ ಮೊಬೈಲಿನಲ್ಲಿ ಚಿಕ್ಕಜ್ಜನಿಗೆ ಫೋಟೊ ತೋರಿಸಿದ್ದಾನೆ. ಅಜ್ಜಿ ಮಧ್ಯದಲ್ಲಿ, ಸುತ್ತ ನಾವೆಲ್ಲ. ಅವರು ಏನೂ ಮಾತಾಡಲಿಲ್ಲವಂತೆ.

2023ರಲ್ಲಿ ಅತ್ತೆಯೇ ಫೋನ್ ಮಾಡಿದರು, ಸರಿಯಾಗಿ ಕರೆದರು. "ನಮಗೆ ಇನ್ನು ಓಡಾಟ ಆಗೋದಿಲ್ಲ, ನೀವು ಮಾಡ್ಕೊಳ್ಳಿ" ಅನ್ನುವಷ್ಟೇ ಉತ್ತರ. ಅದಾದ ಮೇಲೆ ಅವರ ಮೊಮ್ಮಗಳ ಮದುವೆ ಆಯ್ತು. ನಮ್ಮ ಕಡೆ ಹತ್ತಿರದವರ ಮನೆಗೆ ಖುದ್ದಾಗಿ ಬಂದು ಅಕ್ಷತೆ ಕೊಟ್ಟು ಕರೆಯೋದು ಕ್ರಮ. ನಮಗೆ ಕಾಗದ ಅಂಚೆಯಲ್ಲಿ ಬಂತು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು.

ಹೋಗಿದ್ದು ಬರೀ ಮಾತುಕತೆ ಅಲ್ಲ. ನಮ್ಮ ಹಳೇ ಮನೆ ಇದ್ದ ಜಾಗ ಗೊತ್ತಿರೋದು ಈಗ ಚಿಕ್ಕಜ್ಜನಿಗೆ ಮಾತ್ರ. ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಹಿನ್ನೀರಿನ ನಡುವೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತೆ, ನೀವು ಫೋಟೊ ನೋಡಿರ್ತೀರಿ, ಅದು ಲಿಂಗನಮಕ್ಕಿಗಿಂತ ಹಳೇದು. ಅಂಥ ವರ್ಷ ನಮ್ಮ ಮನೆಯ ಅಡಿಪಾಯವೂ ಕಾಣುತ್ತೆ. ನಾನು ಚಿಕ್ಕವಳಿದ್ದಾಗ ಚಿಕ್ಕಜ್ಜ ಕರಕೊಂಡು ಹೋಗಿ ಒಡೆದ ಕೆಸರಿನ ಮೇಲೆ ನಡೆಸಿ, ಇದು ಬಚ್ಚಲು, ಇದು ಕೊಟ್ಟಿಗೆ, ಇಲ್ಲಿ ನಿಮ್ಮಜ್ಜ ಹುಟ್ಟಿದ್ದು ಅಂತ ಕಲ್ಲು ಕಲ್ಲೂ ತೋರಿಸಿದ್ದರು. 2023ರ ಜೂನ್‌ನಲ್ಲಿ ಮಳೆ ತಡವಾಗಿ, ಲಾಂಚ್‌ಗೆ ವಾಹನ ಹತ್ತಿಸೋದನ್ನೇ ನಿಲ್ಲಿಸುವಷ್ಟು ನೀರು ಇಳಿದಿತ್ತು. ಮಕ್ಕಳಿಗೆ ಆ ಮನೆ ತೋರಿಸಬೇಕಾಗಿದ್ದ ವರ್ಷ ಅದು. ತೋರಿಸುವವರು ನಮ್ಮ ಜೊತೆ ಮಾತು ಬಿಟ್ಟಿದ್ದರು. ಈಗ ಅವರಿಗೆ ಕೋಲು ಹಿಡಿದರೂ ಅಂಗಳ ದಾಟೋದು ಕಷ್ಟ.

ಕೊನೆಗೆ ಅತ್ತೆ, ನಾನು ಇಬ್ಬರೂ ಲಾಂಚ್ ಹತ್ತಿ ಹೋದೆವು. ಚಿಕ್ಕಜ್ಜ ಬಾಗಿಲಲ್ಲೇ "ಬನ್ನಿ, ಆಸ್ರಿಗೆ ಎಂತ ಕುಡೀತ್ರಿ" ಅಂದರು. ಮುರುಗಲು ಪಾನಕ ಬಂತು. ಅಡಿಕೆ ರೇಟು, ಕೊಳೆ ರೋಗ, ಮಂಗನ ಕಾಟ ಎಲ್ಲ ಮಾತಾಡಿದರು, ಆ ವಿಷಯ ಮಾತ್ರ ಎತ್ತಲಿಲ್ಲ. ಎತ್ತಿದ್ದು ಚಿಕ್ಕಜ್ಜಿ. ಪ್ರತಿ ವರ್ಷ ಅವರು ಹಲಸಿನ ಹಪ್ಪಳ ಮಾಡಿ, ಬೆಂಗಳೂರಿನ ಮಕ್ಕಳಿಗೆಲ್ಲ ಬೇರೆ ಬೇರೆ ಕಟ್ಟಿ, ಹೆಸರು ಬರೆದು ತರುತ್ತಿದ್ದರು. ಆ ವರ್ಷವೂ ಕಟ್ಟಿಟ್ಟಿದ್ದರು, ಇವತ್ತು ಫೋನ್ ಬರುತ್ತೆ ನಾಳೆ ಬರುತ್ತೆ ಅಂತ. ಅಟ್ಟದಿಂದ ಡಬ್ಬ ಇಳಿಸಿ ತೋರಿಸಿದರು. ನನ್ನ ಮಗಳ ಹೆಸರಿನ ಕಟ್ಟು ಹಾಗೇ ಇತ್ತು, ಪ್ಲಾಸ್ಟಿಕ್ ದಾರ ಬಿಚ್ಚಿರಲಿಲ್ಲ, ಹಪ್ಪಳ ಕಮಟು ಹಿಡಿದಿತ್ತು. ಅತ್ತೆ ಅಲ್ಲೇ ಅತ್ತರು. ಅವತ್ತಿನಿಂದ ಸ್ವಲ್ಪ ಸರಿ ಹೋಗಿದೆ, ಅವರ ಮಕ್ಕಳು ಬರುತ್ತಾರೆ. ಪೂರ್ತಿ ಮೊದಲಿನ ಹಾಗೆ ಆಗಿಲ್ಲ.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಊರಾ ರೆಸಾರ್ಟಾ ಅನ್ನೋದು ಆಮೇಲಿನ ಮಾತು. ಮೊದಲು ಆ ಪೋಲ್ ತೆಗೆದುಹಾಕಿ. ಎಂಬತ್ತು ದಾಟಿದವರು ಇರುವ ಮನೆಯಲ್ಲಿ ತಾರೀಖು, ಜಾಗ ಎರಡನ್ನೂ ಮೊಮ್ಮಕ್ಕಳ ವೋಟಿನಿಂದ ತೀರ್ಮಾನ ಮಾಡೋದು ನನಗೆ ಸರಿ ಕಾಣಲ್ಲ. ಅಜ್ಜಿಯ ಹತ್ತಿರ ಒಬ್ಬರೇ ಕೂತು ಕೇಳಿ. ಗುಂಪಿನಲ್ಲಿ ಕೇಳಿದರೆ "ನಿಮಗೆ ಹೇಗೆ ಅನುಕೂಲವೋ ಹಾಗೆ" ಅಂತಾರೆ, ಅದು ಉತ್ತರ ಅಲ್ಲ. ಅವರಿಗೆ ರಾತ್ರಿ ಎದ್ದು ಹೋಗಲು ಕಮೋಡ್ ಹತ್ತಿರ ಇದೆಯಾ, ಮೆಟ್ಟಿಲು ಎಷ್ಟು, ಅಷ್ಟು ನೋಡಿದರೆ ಜಾಗ ತಾನಾಗಿ ಗೊತ್ತಾಗುತ್ತೆ. ರೆಸಾರ್ಟೇ ಆದರೂ ಪರವಾಗಿಲ್ಲ. ನಮಗೆ ಕೆಟ್ಟಿದ್ದು ಹೋಮ್‌ಸ್ಟೇಯಿಂದಲ್ಲ.

ಹೇಳಿಕೆ ಮಾಡುವ ಕೆಲಸ ಒಬ್ಬರೇ ಮಾಡಲಿ, ಬಾಯಲ್ಲಿ ಮಾಡಲಿ. ಪ್ರತಿ ಮನೆಯಲ್ಲೂ ಅತಿ ಹಿರಿಯರ ಜೊತೆಗೇ ಮಾತಾಡಬೇಕು, ಅವರ ಮಗನ ಜೊತೆ ಅಲ್ಲ. ನಿಮ್ಮ ಮನೆಯಲ್ಲೂ ಅತ್ತೆಯಂಥವರು ಒಬ್ಬರು ಇದ್ದೇ ಇರ್ತಾರೆ. ಅವರ ಹತ್ತಿರದಿಂದ ಆ ಕೆಲಸ ಕಿತ್ಕೋಬೇಡಿ. ಕಣ್ಣು ಮಂಜಾಗಿದ್ದರೆ ಪಕ್ಕದಲ್ಲಿ ಕೂತು ನೀವು ನಂಬರ್ ಒತ್ತಿ ಕೊಡಿ, ಮಾತು ಅವರೇ ಆಡಲಿ. ಗ್ರೂಪ್ ಇರಲಿ, ಫೋಟೊಗೆ, ಲೊಕೇಶನ್‌ಗೆ ಚೆನ್ನಾಗಿದೆ. ಆದರೆ "ಗ್ರೂಪಿನಲ್ಲೇ ಸುದ್ದಿ ಗೊತ್ತಾಗುತ್ತೆ, ಸೇರಲೇಬೇಕಾ" ಅಂತ ನಿಮ್ಮ ತಮ್ಮ ಕೇಳಿದ್ದಾರೆ ಅಂತಲೂ ಬರೆದಿದ್ದೀರಲ್ಲ, ಅವರಿಗೆ ಹೇಳಿ: ನಂಟಸ್ತನ ಮುರಿದಿದ್ದು, ಸಾಲ ಆಗಿದ್ದು, ಮಗ ಮಾತು ಬಿಟ್ಟಿದ್ದು ಯಾರೂ ಗ್ರೂಪಿನಲ್ಲಿ ಹಾಕಲ್ಲ. ಅದೆಲ್ಲ ಹೊರಗೆ ಬರೋದು ನಾಲ್ಕು ಜನ ಕೂತು ಹಪ್ಪಳದ ಉಂಡೆ ಒತ್ತುವಾಗ, ಕೈ ಕೆಲಸದಲ್ಲಿದ್ದು ಕಣ್ಣು ಕೆಳಗಿದ್ದಾಗ. ರೆಸಾರ್ಟ್‌ಗೆ ಹೋದರೂ ಇಂಥ ಒಂದು ಕೆಲಸ ಇಟ್ಟುಕೊಳ್ಳಿ, ಹಲಸು ಇಲ್ಲದಿದ್ದರೆ ಹೂವು ಕಟ್ಟಿ.

ಊರಿನ ಮನೆ ಅಂತಾದರೆ ಅಡುಗೆ ಭಟ್ಟರನ್ನು ಕರೆಸಿ, ಪಾತ್ರೆ ತೊಳೆಯಲೂ ಜನ ಹೇಳಿ. ಮಳೆಗಾಲದ ಮುಂಚೆ ಅಲ್ಲಿನವರಿಗೆ ಸೌದೆ, ದರಗು (ಒಣಗಿದ ಎಲೆ) ಅಂತ ಮೈಮುರಿಯುವ ಕೆಲಸ ಇರುತ್ತೆ, ಅದರ ಮೇಲೆ ನಲವತ್ತು ಜನರ ದೋಸೆ ಹೊಯ್ಯಿ ಅಂದರೆ ಅದು ಅನ್ಯಾಯ. ಖರ್ಚು ಹೊರಗಿನಿಂದ ಬರುವವರು ಹಂಚಿಕೊಳ್ಳಬೇಕು. ಮನೆ ಕೊಟ್ಟವರ ಹತ್ತಿರ ಒಂದು ರೂಪಾಯಿ ಕೇಳಬಾರದು.

ತಾರೀಖಿನ ಬಗ್ಗೆ ಒಂದು ಮಾತು. 2026ರಲ್ಲಿ ಮೇ 17ರಿಂದ ಅಧಿಕ ಜ್ಯೇಷ್ಠ. ಮದುವೆ, ಉಪನಯನ ಇರಲ್ಲ, ಹಾಗಾಗಿ ನೆಂಟರೆಲ್ಲ ಬಿಡುವಾಗಿರ್ತಾರೆ. ಆದರೆ ತಿಂಗಳ ಕೊನೆಗೆ ತಳ್ಳಬೇಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು ನಮ್ಮ ಕಡೆಯೂ ಆಗಲೇ ಸುರಿಯೋಕೆ ಶುರುವಾಗಿತ್ತು, ಅಂಗಳದಲ್ಲಿ ಕೂರೋದು ಹಾಗಿರಲಿ ಕರೆಂಟೂ ಇರಲಿಲ್ಲ. 17ರ ಭಾನುವಾರದಿಂದ ಆ ವಾರದೊಳಗೆ ಮುಗಿಸಿ. ರೈಲಿನ ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತೆ, ಮೇ ತಿಂಗಳಲ್ಲಿ ಶಿವಮೊಗ್ಗ, ತಾಳಗುಪ್ಪ ರೈಲಿನಲ್ಲಿ ಲೋವರ್ ಬರ್ತ್ ಸಿಗೋದು ಕಷ್ಟ. ವಯಸ್ಸಾದವರದ್ದು ಮೊದಲು ತೆಗೆಯಿರಿ, ಉಳಿದವರು ಬಸ್ಸಿಗೆ ಹೋದರೂ ನಡೆಯುತ್ತೆ.